ಅಂಗಡಿಯ ಹಿಂಬದಿಯ ಪಾಠಶಾಲೆ

ಸರಕಾರ ಎಂದೊಡನೆ ನಮ್ಮ ಗಮನ ರಾಜಧಾನಿಯ ಕಡೆಗೆ ಹೊರಳುತ್ತದೆ. ಆದರೆ ಸಾಮಾನ್ಯ ಮನುಷ್ಯ ದಿನನಿತ್ಯ ಮುಖಾಮುಖಿಯಾಗುವ ಸರಕಾರ ಊರಿನ ಕಚೇರಿಯ ಮೇಜಿನ ಆಚೆ ಕುಳಿತಿರುತ್ತದೆ. ಯಾವ ಅರ್ಜಿಯನ್ನು ಯಾರಿಗೆ ಕೊಡಬೇಕು, ಯಾರ ಸಹಿ ಬೇಕು, ಕಟ್ಟಿದ ತೆರಿಗೆ ಎಲ್ಲಿಗೆ ಹೋಗುತ್ತದೆ, ಶಾಲೆಯ ವಿಚಾರದಲ್ಲಿ ತೀರ್ಮಾನ ಮಾಡುವವರು ಯಾರು ಎಂಬುದನ್ನು ಬಲ್ಲವರು ಆ ಮೇಜಿನ ಮುಂದೆ ತಲೆಯೆತ್ತಿ ನಿಲ್ಲುತ್ತಾರೆ. ಅರಿಯದವರು ಕೈಮುಗಿದು ನಿಲ್ಲುತ್ತಾರೆ. ಆದ್ದರಿಂದಲೇ ಈ ತಿಳಿವಳಿಕೆಯನ್ನು ಜನರಿಂದ ದೂರವಿಡಲು ಆಳುವವರು ಪ್ರಯತ್ನಿಸಿದ ಉದಾಹರಣೆಗಳು ಇತಿಹಾಸದಲ್ಲಿ ಬೇಕಾದಷ್ಟಿವೆ. ಜನರೇ ಸೇರಿ ಅದನ್ನು ಉಚಿತವಾಗಿ ಹಂಚಿಕೊಂಡ ಉದಾಹರಣೆಗಳು ಕಡಿಮೆ. 1957ರಲ್ಲಿ ಅಮೆರಿಕದ ದಕ್ಷಿಣ ಭಾಗದಲ್ಲಿ, ಒಂದು ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಆರಂಭವಾದ ರಾತ್ರಿ ಶಾಲೆ ಅಂಥದ್ದೊಂದು.

ಓದು ಬಾರದವರಿಗೆ ಮತವಿಲ್ಲ

ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದ ಸಮೀಪ ಜಾನ್ಸ್ ಐಲ್ಯಾಂಡ್ ಎಂಬ ದ್ವೀಪವಿದೆ. ಹಿಂದೆ ತೋಟಗಳಲ್ಲಿ ಗುಲಾಮರಾಗಿ ದುಡಿದ ಆಫ್ರಿಕನ್ನರ ಸಂತತಿಯವರು ಅಲ್ಲಿ ಬೇಸಾಯ ಮತ್ತು ಕೂಲಿ ಮಾಡಿಕೊಂಡು ಬದುಕುತ್ತಿದ್ದರು. ಗುಲಾಮಗಿರಿ 1865ರಲ್ಲೇ ರದ್ದಾಗಿತ್ತು. ಜನಾಂಗದ ಕಾರಣಕ್ಕೆ ಯಾರಿಗೂ ಮತದಾನದ ಹಕ್ಕನ್ನು ನಿರಾಕರಿಸಬಾರದೆಂಬ ಸಂವಿಧಾನ ತಿದ್ದುಪಡಿ 1870ರಲ್ಲಿ ಜಾರಿಯಾಗಿತ್ತು. ಆದರೆ ರಾಜ್ಯವು 1895ರಲ್ಲಿ ಹೊಸ ಸಂವಿಧಾನ ರಚಿಸಿಕೊಂಡು ಆ ಹಕ್ಕಿಗೆ ಬೇರೆಯೇ ಬೀಗ ಹಾಕಿತು. ಮತದಾರರಾಗಿ ನೋಂದಾಯಿಸಿಕೊಳ್ಳಬೇಕಾದರೆ ಆ ಸಂವಿಧಾನದ ಯಾವುದಾದರೂ ಭಾಗವನ್ನು ಓದಿ, ಬರೆದು ತೋರಿಸಬೇಕು, ಇಲ್ಲವೇ ಕನಿಷ್ಠ 300 ಡಾಲರ್ ಬೆಲೆಯ ಆಸ್ತಿಗೆ ತೆರಿಗೆ ಕಟ್ಟಿರಬೇಕು ಎಂಬುದು ನಿಯಮ.

ಈ ನಿಯಮದಲ್ಲಿ ಕರಿಯರು ಎಂಬ ಪದವೇ ಇರಲಿಲ್ಲ. ಅದರ ಜಾಣತನ ಇರುವುದೂ ಅಲ್ಲೇ. ಕರಿಯರ ಮಕ್ಕಳಿಗೆ ಸರಿಯಾದ ಶಾಲೆ ಕೊಡದ ರಾಜ್ಯ, ಓದಲು ಬಾರದ್ದನ್ನೇ ಅವರ ಅಪರಾಧವಾಗಿಸಿತು. ಓದಿದ್ದು ಸರಿಯೋ ತಪ್ಪೋ ಎಂದು ನಿರ್ಧರಿಸುವವನು ನೋಂದಣಿ ಕಚೇರಿಯ ಬಿಳಿಯ ಅಧಿಕಾರಿ.

ದ್ವೀಪದಲ್ಲಿ ಈಸಾ ಜೆಂಕಿನ್ಸ್ ಎಂಬ ಕರಿಯ ವ್ಯಾಪಾರಿಯಿದ್ದರು. ದ್ವೀಪದಿಂದ ಚಾರ್ಲ್ಸ್‌ಟನ್‌ಗೆ ಕೆಲಸಕ್ಕೆ ಹೋಗುವವರನ್ನು ಅವರು ತಮ್ಮ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದರು. ದಾರಿಯುದ್ದಕ್ಕೂ ಸಂವಿಧಾನದ ಭಾಗಗಳನ್ನು ಪ್ರಯಾಣಿಕರಿಗೆ ಹೇಳಿಕೊಡುವುದು ಅವರ ರೂಢಿ. ಆಲಿಸ್ ವೈನ್ ಎಂಬ ಮಹಿಳೆ ಹಾಗೆ ಕೇಳಿ ಕೇಳಿಯೇ ಒಂದು ಭಾಗವನ್ನು ಬಾಯಿಪಾಠ ಮಾಡಿ ನೋಂದಣಿಯಲ್ಲಿ ಯಶಸ್ವಿಯಾದರು. ಆದರೆ ಆಕೆಗೆ ಅದರಿಂದ ತೃಪ್ತಿಯಾಗಲಿಲ್ಲ. ನಿಜವಾಗಿ ಓದಲು ಕಲಿಯಬೇಕೆಂಬುದು ಆಕೆಯ ಬಯಕೆಯಾಗಿತ್ತು. ಜೆಂಕಿನ್ಸ್ ಸ್ವತಃ ಶಾಲಾ ಮಂಡಳಿಯ ಚುನಾವಣೆಗೆ ನಿಂತು ಸೋತರು. ಮಕ್ಕಳ ಶಾಲೆಯ ವಿಚಾರ ತೀರ್ಮಾನಿಸುವ ಮಂಡಳಿಗೆ ತಮ್ಮವರೊಬ್ಬರನ್ನು ಕಳುಹಿಸಬೇಕಾದರೆ ಮೊದಲು ಮತದಾರರು ಬೇಕು, ಮತದಾರರಾಗಲು ಓದು ಬೇಕು ಎಂಬುದು ದ್ವೀಪದವರಿಗೆ ಮನವರಿಕೆಯಾಯಿತು.

ಶಿಕ್ಷಕಿಯಲ್ಲದ ಶಿಕ್ಷಕಿ

ಜೆಂಕಿನ್ಸ್‌ರ ಬೆಂಬಲಕ್ಕೆ ನಿಂತವರು ಸೆಪ್ಟಿಮಾ ಕ್ಲಾರ್ಕ್. 1898ರಲ್ಲಿ ಚಾರ್ಲ್ಸ್‌ಟನ್‌ನಲ್ಲಿ ಹುಟ್ಟಿದ ಈಕೆ ಶಿಕ್ಷಕಿ ವೃತ್ತಿ ಆರಂಭಿಸಿದ್ದು ಇದೇ ದ್ವೀಪದಲ್ಲಿ. ಕರಿಯರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಘಟನೆಯ ಸದಸ್ಯತ್ವವನ್ನು ಬಿಡಲೊಪ್ಪದ ತಪ್ಪಿಗೆ 1956ರಲ್ಲಿ ಅವರನ್ನು ಕೆಲಸದಿಂದ ತೆಗೆಯಲಾಯಿತು. ಸುಮಾರು 40 ವರ್ಷಗಳ ಸೇವೆಯ ಪಿಂಚಣಿಯೂ ಕೈತಪ್ಪಿತು. ಅವರಿಗೆ ಕೆಲಸ ಕೊಟ್ಟದ್ದು ಟೆನೆಸ್ಸಿ ರಾಜ್ಯದ ಹೈಲ್ಯಾಂಡರ್ ಜಾನಪದ ಶಾಲೆ. ಮೈಲ್ಸ್ ಹಾರ್ಟನ್ ಮತ್ತು ಡಾನ್ ವೆಸ್ಟ್ 1932ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ ಬಿಳಿಯರೂ ಕರಿಯರೂ ಒಟ್ಟಿಗೆ ಕುಳಿತು ಕಲಿಯುತ್ತಿದ್ದರು. ಬಸ್ಸಿನಲ್ಲಿ ಸೀಟು ಬಿಟ್ಟುಕೊಡಲು ಒಪ್ಪದೆ ಪ್ರಸಿದ್ಧರಾದ ರೋಸಾ ಪಾರ್ಕ್ಸ್, ಆ ಘಟನೆಗೆ ಕೆಲವು ತಿಂಗಳು ಮೊದಲು, 1955ರ ಬೇಸಿಗೆಯಲ್ಲಿ ಇಲ್ಲಿನ ಶಿಬಿರದಲ್ಲಿ ಭಾಗವಹಿಸಿದ್ದರು.

ದ್ವೀಪದಲ್ಲಿ ತರಗತಿ ನಡೆಸಲು ಜಾಗ ಸಿಗುವುದೇ ಕಷ್ಟವಾಯಿತು. ಕೇಳಿದವರು ಹೆದರಿ ಹಿಂಜರಿದರು. ಕೊನೆಗೆ ಹೈಲ್ಯಾಂಡರ್‌ನಿಂದ 1,500 ಡಾಲರ್ ಸಾಲ ಪಡೆದು ದ್ವೀಪದವರೇ ಒಂದು ಹಳೆಯ ಶಾಲಾ ಕಟ್ಟಡವನ್ನು ಕೊಂಡರು. ಮುಂಭಾಗದಲ್ಲಿ ಸಹಕಾರಿ ದಿನಸಿ ಅಂಗಡಿ ತೆರೆದರು. ಹಿಂಬದಿಯ ಕೋಣೆಗಳಲ್ಲಿ ಪಾಠ. ಅಂಗಡಿಗೆ ಬಂದು ಹೋಗುವವರ ಬಗ್ಗೆ ಯಾರಿಗೂ ಸಂಶಯ ಬರುವಂತಿರಲಿಲ್ಲ.

ಇನ್ನು ಶಿಕ್ಷಕರು ಯಾರು? ಕ್ಲಾರ್ಕ್ ತಮ್ಮ ಸಂಬಂಧಿ ಬರ್ನಿಸ್ ರಾಬಿನ್ಸನ್‌ರನ್ನು ಆರಿಸಿದರು. ಆಕೆ ಶಿಕ್ಷಕಿಯಲ್ಲ, ಬ್ಯೂಟಿ ಪಾರ್ಲರ್ ನಡೆಸುವವರು. ಪದವೀಧರ ಶಿಕ್ಷಕರು ದ್ವೀಪದವರ ಆಡುಮಾತನ್ನು ತಿದ್ದಲು ಹೊರಟು ಅವರನ್ನು ಸಣ್ಣವರನ್ನಾಗಿ ಮಾಡಬಹುದೆಂಬ ಅಂಜಿಕೆ ಒಂದು ಕಾರಣ. ಇನ್ನೊಂದು ಕಾರಣ ಇನ್ನೂ ವ್ಯಾವಹಾರಿಕವಾದುದು. ಆಕೆಯ ಗಿರಾಕಿಗಳೆಲ್ಲರೂ ಕರಿಯ ಮಹಿಳೆಯರೇ ಆದ್ದರಿಂದ ಯಾವ ಬಿಳಿಯ ಯಜಮಾನನೂ ಆಕೆಯ ಅನ್ನ ಕಸಿಯುವಂತಿರಲಿಲ್ಲ.

1957ರ ಜನವರಿ 7ರಂದು 14 ಮಂದಿ ವಯಸ್ಕರು ಬಂದು ಕುಳಿತರು. ಹೊಲದ ಕೆಲಸ ಕಡಿಮೆಯಿರುವ ಆ ಎರಡು ತಿಂಗಳಲ್ಲಿ ವಾರಕ್ಕೆ ಎರಡು ರಾತ್ರಿ, ತಲಾ ಎರಡು ಗಂಟೆ ಪಾಠ. ರಾಬಿನ್ಸನ್ ಮಕ್ಕಳ ಪಠ್ಯಪುಸ್ತಕಗಳನ್ನು ತಂದಿದ್ದರು. ಅವು ದೊಡ್ಡವರಿಗೆ ಹೊಂದುವುದಿಲ್ಲವೆಂದು ಮನಗಂಡು ಬದಿಗಿಟ್ಟರು. ನಿಮಗೇನು ಕಲಿಯಬೇಕು ಎಂದು ಅವರನ್ನೇ ಕೇಳಿದರು. ಹೆಸರು ಬರೆಯಬೇಕು, ಬೈಬಲ್ ಓದಬೇಕು, ಅಂಚೆಯ ಮೂಲಕ ಸಾಮಾನು ತರಿಸುವ ಫಾರಂ ಮತ್ತು ಮನಿಯಾರ್ಡರ್ ತುಂಬಬೇಕು, ಮತದಾರರ ಪಟ್ಟಿಗೆ ಸೇರಬೇಕು ಎಂದರು. ಪಾಠ ಅಲ್ಲಿಂದಲೇ ಶುರುವಾಯಿತು. ರಟ್ಟಿನ ಮೇಲೆ ಅವರವರ ಹೆಸರನ್ನು ಬರೆದುಕೊಟ್ಟು ಅದರ ಮೇಲೆಯೇ ತಿದ್ದಿಸಿದರು. ಅವರು ಹೇಳಿದ ಬದುಕಿನ ಕಥೆಗಳನ್ನು ಬರೆದು ಅವನ್ನೇ ಓದಿಸಿದರು.

ಗೋಡೆಯ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ಅಂಟಿಸಲಾಗಿತ್ತು. ತರಗತಿ ಮುಗಿಯುವಷ್ಟರಲ್ಲಿ ಎಲ್ಲರೂ ಅದನ್ನು ಓದುವಂತಾಗಬೇಕೆಂಬುದು ಆಕೆಯ ಆಸೆ. ಆ ಘೋಷಣೆಯ ಮೊದಲ ವಿಧಿಯಲ್ಲಿ ಪುರುಷರನ್ನಷ್ಟೇ ಸೂಚಿಸುವಂತಿದ್ದ ಪದದ ಬದಲು ಸಮಸ್ತ ಮಾನವರು ಎಂಬರ್ಥದ ಪದ ಬರುವಂತೆ ಮಾಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

ಕಚೇರಿಯ ಒಳಗುಟ್ಟು

ಈ ಶಾಲೆಯನ್ನು ಬರೀ ಅಕ್ಷರ ಕಲಿಸುವ ಶಾಲೆಯೆಂದು ತಿಳಿದರೆ ತಪ್ಪಾಗುತ್ತದೆ. ಮುಂದೆ ಕ್ಲಾರ್ಕ್ ಇದಕ್ಕಾಗಿಯೇ ಸಿದ್ಧಪಡಿಸಿದ ಪುಸ್ತಿಕೆಯಲ್ಲಿ ಮತದಾನದ ಕಾನೂನುಗಳು, ರಾಜಕೀಯ ಪಕ್ಷಗಳು, ಕಟ್ಟಬೇಕಾದ ತೆರಿಗೆಗಳು, ಸಾಮಾಜಿಕ ಭದ್ರತೆಯ ಸೌಲಭ್ಯ, ಕೌಂಟಿ ಶಾಲಾ ಮಂಡಳಿಯ ಕೆಲಸ, ಅಧಿಕಾರಿಗಳಿಗೆ ಪತ್ರ ಬರೆಯುವ ಕ್ರಮ ಇವೆಲ್ಲವೂ ಇದ್ದವು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. ಮನೆಬಾಗಿಲ ಸರಕಾರ ಹೇಗೆ ನಡೆಯುತ್ತದೆಂಬ ಒಳಗುಟ್ಟು ಹೀಗೆ ಮೊದಲ ಬಾರಿಗೆ ಕೂಲಿಗಳ ಕೈಗೆ ಬಂತು.

ಶಾಲೆ ನೆರೆಯ ವಾಡ್ಮಲಾ, ಎಡಿಸ್ಟೊ ದ್ವೀಪಗಳಿಗೆ ಹರಡಿತು. ಹರಡಿದಷ್ಟೂ ವಿರೋಧವೂ ಹೆಚ್ಚಿತು. 1959ರಲ್ಲಿ ಹೈಲ್ಯಾಂಡರ್ ಮೇಲೆ ಪೋಲೀಸರು ದಾಳಿ ಮಾಡಿ, ಮದ್ಯವನ್ನೇ ಮುಟ್ಟದ ಕ್ಲಾರ್ಕ್‌ರನ್ನು ಮದ್ಯ ಇಟ್ಟುಕೊಂಡ ಆರೋಪ ಹೊರಿಸಿ ಬಂಧಿಸಿದರು. 1961ರಲ್ಲಿ ಸಂಸ್ಥೆಯನ್ನೇ ಮುಚ್ಚಿಸಲಾಯಿತು. ಆದರೆ ಅಷ್ಟರಲ್ಲಿ ಈ ಕಾರ್ಯಕ್ರಮವನ್ನು ಮಾರ್ಟಿನ್ ಲೂಥರ್ ಕಿಂಗ್‌ರ ಎಸ್‌ಸಿಎಲ್‌ಸಿ ಸಂಘಟನೆ ವಹಿಸಿಕೊಂಡಿತ್ತು. ಜಾರ್ಜಿಯಾದ ಡಾರ್ಚೆಸ್ಟರ್ ಕೇಂದ್ರದಲ್ಲಿ ಕ್ಲಾರ್ಕ್, ಡೊರೊಥಿ ಕಾಟನ್ ಮತ್ತು ಆಂಡ್ರ್ಯೂ ಯಂಗ್ ಹಳ್ಳಿ ಹಳ್ಳಿಗಳಿಂದ ಬಂದ ರೈತರು, ಮನೆಗೆಲಸದವರು, ಗೃಹಿಣಿಯರಿಗೆ ತರಬೇತಿ ಕೊಟ್ಟು ಶಿಕ್ಷಕರನ್ನಾಗಿಸಿ ಊರಿಗೆ ಕಳುಹಿಸಿದರು.

ಕಲಿಯಲು ಶುಲ್ಕವಿರಲಿಲ್ಲ ನಿಜ. ಆದರೆ ಕಲಿತವರು ತೆತ್ತ ಬೆಲೆ ಸಣ್ಣದಲ್ಲ. ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ದುಡಿದ ಫ್ಯಾನಿ ಲೂ ಹ್ಯಾಮರ್ 1963ರ ಜೂನ್‌ನಲ್ಲಿ ಚಾರ್ಲ್ಸ್‌ಟನ್‌ನಲ್ಲಿ ಇಂಥದ್ದೇ ತರಬೇತಿ ಮುಗಿಸಿ ಸಂಗಡಿಗರೊಂದಿಗೆ ಊರಿಗೆ ಮರಳುತ್ತಿದ್ದಾಗ ವಿನೋನಾ ಎಂಬಲ್ಲಿ ಅವರನ್ನು ಬಂಧಿಸಿ, ಜೈಲಿನಲ್ಲಿ ಅಮಾನುಷವಾಗಿ ಥಳಿಸಲಾಯಿತು. ಆ ಪೆಟ್ಟಿನ ನೋವು ಅವರನ್ನು ಜೀವನಪರ್ಯಂತ ಕಾಡಿತು. ಆದರೂ ಮರುವರ್ಷ ಡೆಮೊಕ್ರಾಟಿಕ್ ಪಕ್ಷದ ಸಮಾವೇಶದಲ್ಲಿ ದೇಶವೇ ಕೇಳುವಂತೆ ಅವರು ಅದನ್ನು ಹೇಳಿದರು.

1965ರ ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾನೂನಿಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ದಕ್ಷಿಣದ ರಾಜ್ಯಗಳಲ್ಲಿ ಓದು-ಬರಹದ ಪರೀಕ್ಷೆಗೆ ತಡೆಬಿತ್ತು. ಆಗ ನೋಂದಣಿ ಕಚೇರಿಗೆ ಬಂದವರಲ್ಲಿ ಈ ಶಾಲೆಗಳಲ್ಲಿ ಕಲಿತವರು, ಅವರಿಂದ ಧೈರ್ಯ ಪಡೆದವರು ಬಹಳ ಮಂದಿ. 1970ರ ಹೊತ್ತಿಗೆ ಇಂಥ ಸುಮಾರು 900 ಶಾಲೆಗಳು ನಡೆದಿದ್ದವೆಂದು ಲೆಕ್ಕ. ಕಾನೂನು ಬಂದಮೇಲೂ ಕಾವಲು ಬೇಕೆಂಬುದಕ್ಕೆ 2013ರ ಘಟನೆಯೇ ಸಾಕ್ಷಿ. ಆ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಈ ಕಾನೂನಿನ ಒಂದು ಮುಖ್ಯ ರಕ್ಷಣೆಯನ್ನು ನಿಷ್ಕ್ರಿಯಗೊಳಿಸಿತು.

ಕ್ಲಾರ್ಕ್‌ರನ್ನು ಅನ್ಯಾಯವಾಗಿ ಕೆಲಸದಿಂದ ತೆಗೆಯಲಾಗಿತ್ತೆಂದು ರಾಜ್ಯದ ಗವರ್ನರ್ 1976ರಲ್ಲಿ ಒಪ್ಪಿಕೊಂಡರು. ಅದೇ ದಶಕದಲ್ಲಿ ಜನರು ಆಕೆಯನ್ನು ಚಾರ್ಲ್ಸ್‌ಟನ್ ಕೌಂಟಿಯ ಶಾಲಾ ಮಂಡಳಿಗೆ ಆರಿಸಿ ಕಳುಹಿಸಿದರು. ಶಾಲಾ ಮಂಡಳಿ ಎಂದರೇನು, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಅಂಗಡಿಯ ಹಿಂಬದಿಯಲ್ಲಿ ಜನರಿಗೆ ಕಲಿಸಲು ಹೊರಟ ಮಹಿಳೆ, ಎಂಬತ್ತರ ಸಮೀಪದ ವಯಸ್ಸಿನಲ್ಲಿ ಅದೇ ಮೇಜಿನ ಆಚೆಗೆ ಹೋಗಿ ಕುಳಿತರು. ಹಕ್ಕನ್ನು ಕಾನೂನು ಕೊಡಬಹುದು, ಅದನ್ನು ಬಳಸಲು ಕಲಿಸುವ ಕೆಲಸ ನೆರೆಹೊರೆಯವರದು.