ಭತ್ತದ ಉಪ್ಪು ಸಹಿಷ್ಣುತೆ: ಪ್ರೋಟೀನ್ ರಚನೆಯ ಅಧ್ಯಯನದಲ್ಲಿ ಕೃತಕ ಬುದ್ಧಿಮತ್ತೆ

ಹಿನ್ನೆಲೆ

ಕಾರವಾರ ತಾಲ್ಲೂಕಿನ ಅಮದಳ್ಳಿಯು ಕಾಳಿ ಮತ್ತು ಗಂಗಾವಳಿ ನದೀಮುಖಗಳ ನಡುವಣ ಕರಾವಳಿಯಲ್ಲಿದೆ. ಉತ್ತರ ಕನ್ನಡ ಜಿಲ್ಲೆಯ ನದೀಮುಖಗಳಲ್ಲಿ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಿಗೆ ಗಜನಿ ಎಂದು ಹೆಸರು. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಕಗ್ಗ ಭತ್ತವನ್ನು ಗಜನಿಯ ರೈತರು ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುತ್ತಾರೆ. ಈಚಿನ ದಶಕಗಳಲ್ಲಿ ಇದರ ಸಾಗುವಳಿ ಕುಗ್ಗಿರುತ್ತದೆ.

ಪ್ರೋಟೀನಿನ ಪಾತ್ರ

ಉಪ್ಪಿನಲ್ಲಿರುವ ಸೋಡಿಯಂ ಎಲೆಗಳಲ್ಲಿ ಶೇಖರವಾದರೆ ಪೈರು ಒಣಗುತ್ತದೆ. ಬೇರಿನಿಂದ ಮೇಲೇರುವ ರಸದಿಂದ ಸೋಡಿಯಂ ಅನ್ನು ಹಿಂದೆಗೆಯುವ ಪ್ರೋಟೀನಿನ ವಂಶವಾಹಿಯನ್ನು 2005ರಲ್ಲಿ ನೋನಾ ಬೋಕ್ರಾ ಎಂಬ ಉಪ್ಪು ಸಹಿಷ್ಣು ತಳಿಯಲ್ಲಿ ಗುರುತಿಸಲಾಯಿತು. ಜಪಾನಿನ ಕೋಶಿಹಿಕಾರಿ ತಳಿಯ ಇದೇ ಪ್ರೋಟೀನಿಗೂ ಇದಕ್ಕೂ ಇರುವ ವ್ಯತ್ಯಾಸ ಕೇವಲ 4 ಅಮೈನೋ ಆಮ್ಲಗಳದು.

ರಚನೆಯ ಮುನ್ಸೂಚನೆ

ಪ್ರೋಟೀನಿನ ಕಾರ್ಯವು ಅದರ ಮೂರು ಆಯಾಮದ ಆಕಾರವನ್ನು ಅವಲಂಬಿಸಿದೆ. ಕ್ಷ-ಕಿರಣದ ಮೂಲಕ ಆಕಾರವನ್ನು ತಿಳಿಯಲು ಪ್ರೋಟೀನನ್ನು ಸ್ಫಟಿಕವಾಗಿಸಬೇಕು. ಜೀವಕೋಶದ ಪೊರೆಯಲ್ಲಿರುವ ಇಂತಹ ಪ್ರೋಟೀನುಗಳ ವಿಷಯದಲ್ಲಿ ಇದು ಬಹು ಪ್ರಯಾಸದ ಕಾರ್ಯ. ಡೀಪ್‌ಮೈಂಡ್ ಸಂಸ್ಥೆಯ ಆಲ್ಫಾಫೋಲ್ಡ್ ತಂತ್ರಾಂಶವು ಅಮೈನೋ ಆಮ್ಲಗಳ ಅನುಕ್ರಮದಿಂದಲೇ ಆಕಾರವನ್ನು ಊಹಿಸುತ್ತದೆ. 2021ರಲ್ಲಿ ಆರಂಭವಾದ ಇದರ ಉಚಿತ ದತ್ತಸಂಚಯದಲ್ಲಿ ಭತ್ತದ ಪ್ರೋಟೀನುಗಳೂ ಸೇರಿವೆ. ಈ ಸಾಧನೆಗಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರು 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಬಳಕೆ ಮತ್ತು ಮಿತಿ

ಸ್ಥಳೀಯ ತಳಿಯ ವಂಶವಾಹಿಯ ಅನುಕ್ರಮವನ್ನು ಓದಿ, ವ್ಯತ್ಯಾಸವಿರುವ ಅಮೈನೋ ಆಮ್ಲಗಳು ಸೋಡಿಯಂ ಸಾಗುವ ದಾರಿಯ ಸಮೀಪದಲ್ಲಿವೆಯೇ ಎಂಬುದನ್ನು ಮುನ್ಸೂಚಿತ ಆಕಾರದಲ್ಲಿ ಪರಿಶೀಲಿಸಬಹುದು. ಇದರಿಂದ ಪ್ರಯೋಗಕ್ಕೆ ಒಳಪಡಿಸಬೇಕಾದ ಸ್ಥಾನಗಳ ಸಂಖ್ಯೆ ಕಡಿಮೆಯಾಗುತ್ತದೆ. ಆಕಾರದ ಪ್ರತಿಯೊಂದು ಭಾಗಕ್ಕೂ 0ಯಿಂದ 100ರವರೆಗೆ ವಿಶ್ವಾಸಾಂಕ ನೀಡಲಾಗಿರುತ್ತದೆ. 90ಕ್ಕಿಂತ ಹೆಚ್ಚಿನ ಅಂಕವಿರುವ ಭಾಗ ಹೆಚ್ಚು ನಂಬಲರ್ಹ. 50ಕ್ಕಿಂತ ಕಡಿಮೆ ಅಂಕವಿರುವ ಭಾಗವನ್ನು ಆಧಾರವಾಗಿ ಬಳಸಬಾರದು. ಒಂದೇ ಅಮೈನೋ ಆಮ್ಲ ಬದಲಾದಾಗ ಪ್ರೋಟೀನಿನ ಕಾರ್ಯ ಹೇಗೆ ಬದಲಾಗುವುದೆಂದು ಮುನ್ಸೂಚನೆಯಿಂದ ಖಚಿತವಾಗಿ ಹೇಳಲಾಗದು. ಮೇಲಾಗಿ ಉಪ್ಪು ಸಹಿಷ್ಣುತೆಯು ಅನೇಕ ವಂಶವಾಹಿಗಳಿಂದ ಒದಗುವ ಗುಣ. ಆದುದರಿಂದ ಕಗ್ಗದ ಗುಣಕ್ಕೆ ಈ ಒಂದೇ ಪ್ರೋಟೀನ್ ಕಾರಣವೆಂದು ಭಾವಿಸತಕ್ಕದ್ದಲ್ಲ. ಪ್ರಯೋಗಾಲಯದ ಪರೀಕ್ಷೆ ಹಾಗೂ ಉಪ್ಪು ಗದ್ದೆಯ ಪರೀಕ್ಷೆ ಎರಡೂ ಅಗತ್ಯ.

ಬೀಜ ಸಂರಕ್ಷಣೆ

ಆಕಾರವನ್ನು ಊಹಿಸಲು ಅನುಕ್ರಮ ಬೇಕು; ಅನುಕ್ರಮ ದೊರೆತರೂ ಗದ್ದೆಯಲ್ಲಿ ಪರೀಕ್ಷಿಸಲು ಜೀವಂತ ಬೀಜ ಬೇಕು. ಭತ್ತದ ಬೀಜವು ಸಾಮಾನ್ಯ ಸಂಗ್ರಹಣೆಯಲ್ಲಿ ಕೆಲವೇ ವರ್ಷಗಳಲ್ಲಿ ಮೊಳಕೆಯ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಬಿತ್ತನೆ ನಿಂತುಹೋದ ತಳಿಯನ್ನು ಯಾವ ಗಣಕಯಂತ್ರವೂ ಮರಳಿ ತರಲಾರದು. ಗಜನಿಯ ರೈತರು ವರ್ಷವರ್ಷವೂ ಬಿತ್ತಿ ಕಾಪಾಡುವ ಬೀಜವೇ ಈ ಅಧ್ಯಯನದ ಮೊದಲ ಆಧಾರವಾಗಿರುತ್ತದೆ.