ಸಾಕು ಮೀನಿನಲ್ಲಿ ಮಾಂಸ ಬೆಳೆಯುವ ಬಗೆ

ಕುರಿ, ಕೋಳಿಗಳಲ್ಲಿ ಸ್ನಾಯುತಂತುಗಳ ಸಂಖ್ಯೆ ಹುಟ್ಟುವ ವೇಳೆಗೆ ಬಹುಮಟ್ಟಿಗೆ ನಿಗದಿಯಾಗಿರುತ್ತದೆ. ಅನಂತರದ ಬೆಳವಣಿಗೆಯೆಂದರೆ ಇರುವ ತಂತುಗಳೇ ದಪ್ಪವಾಗುವುದು. ಮೀನಿನ ಮಾತು ಬೇರೆ. ಸಾಲ್ಮನ್, ಗೆಂಡೆಯಂತಹ ದೊಡ್ಡ ಮೀನುಗಳು ಮೊಟ್ಟೆಯೊಡೆದು ಬಂದ ಮೇಲೂ ಬಹುಕಾಲ ಹೊಸ ತಂತುಗಳನ್ನು ಕೂಡಿಸಿಕೊಳ್ಳುತ್ತಲೇ ಇರುತ್ತವೆ. ತಮ್ಮ ಗರಿಷ್ಠ ಉದ್ದದ ಸುಮಾರು ಶೇ. 40ನ್ನು ಮುಟ್ಟುವವರೆಗೆ ಈ ಕ್ರಿಯೆ ನಡೆಯುತ್ತದೆ. ಆ ಬಳಿಕ ತಂತುಗಳು ಹಿಗ್ಗುವುದಷ್ಟೇ ಉಳಿಯುತ್ತದೆ.

ಸಾಲ್ಮನ್‌ನ ದೇಹತೂಕದಲ್ಲಿ ಅರ್ಧಕ್ಕೂ ಹೆಚ್ಚು ಸ್ನಾಯುವೇ. ಅದರಲ್ಲಿ ಬಹುಪಾಲು, ಥಟ್ಟನೆ ನೆಗೆಯಲು ನೆರವಾಗುವ ಬಿಳಿ ಸ್ನಾಯು. ಸಾವಧಾನದ ಈಜಿಗೆ ಬೇಕಾದ ಕೆಂಪು ಸ್ನಾಯು ಪಕ್ಕೆಯ ಚರ್ಮದಡಿ ತೆಳುಪಟ್ಟಿಯಾಗಿ ಹರಡಿರುತ್ತದೆ. ಸ್ನಾಯುವಿನ ಖಂಡಗಳನ್ನು ತೆಳುವಾದ ಪೊರೆಗಳು ಬೇರ್ಪಡಿಸುತ್ತವೆ. ಬೇಯಿಸಿದಾಗ ಈ ಪೊರೆ ಕರಗುವುದರಿಂದಲೇ ಸಾರಿನ ಮೀನು ಪದರಪದರವಾಗಿ ಬಿಡಿಸಿಕೊಳ್ಳುತ್ತದೆ.

ಹೊಸ ತಂತುಗಳ ಮೂಲ, ಸ್ನಾಯುವಿನೊಳಗೆ ಕಾದಿರುವ ಮೀಸಲು ಜೀವಕೋಶಗಳು. ಇವು ವಿಭಜನೆಗೊಂಡು, ಪರಸ್ಪರ ಬೆಸೆದು ಎಳೆಯ ತಂತುವಾಗುತ್ತವೆ. ಇಲ್ಲವೇ ಹಳೆಯ ತಂತುವಿನಲ್ಲಿ ಸೇರಿ ಅದನ್ನು ಬಲಿಸುತ್ತವೆ. ತಂತು ತೀರಾ ದಪ್ಪಗಾದರೆ ಆಮ್ಲಜನಕ ಒಳಗಿನವರೆಗೆ ತಲುಪುವುದು ಕಷ್ಟವಾಗುವುದರಿಂದ ಹಿಗ್ಗುವಿಕೆಗೂ ಮಿತಿಯಿದೆ.

ಸಾಕಣೆದಾರನಿಗೆ ಈ ವಿವರ ಏಕೆ ಬೇಕು? ಒಂದೇ ತೂಕದ ಎರಡು ಮೀನುಗಳ ಮಾಂಸ ಒಂದೇ ಆಗಿರಬೇಕಿಲ್ಲ. ಸಣ್ಣ ತಂತುಗಳು ಒತ್ತಾಗಿದ್ದರೆ ಮಾಂಸ ಗಟ್ಟಿ. ದಪ್ಪ ತಂತುಗಳು ವಿರಳವಾಗಿದ್ದರೆ ಮೆದು. ತಕ್ಕಡಿಯೊಂದನ್ನೇ ನಂಬುವ ಸಾಕಣೆಗೆ ಈ ವ್ಯತ್ಯಾಸ ಕಾಣುವುದಿಲ್ಲ. ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವಂತೂ ಮೊಟ್ಟೆಯ ಕಾಲಕ್ಕೇ ಬೆರಳು ತೋರಿತು. ಅಟ್ಲಾಂಟಿಕ್ ಸಾಲ್ಮನ್‌ನ ಮೊಟ್ಟೆಗಳನ್ನು, ಭ್ರೂಣದ ಕಣ್ಣು ಕಾಣುವ ಹಂತದವರೆಗೆ ಮಾತ್ರ, 2, 5, 8 ಮತ್ತು 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಲಾಗಿತ್ತು. ಮುಂದೆ ಎಲ್ಲಕ್ಕೂ ಒಂದೇ ಪೋಷಣೆ. ಆದರೂ ಪ್ರಾಯಕ್ಕೆ ಬಂದಾಗ 5 ಡಿಗ್ರಿಯ ಗುಂಪಿನಲ್ಲೇ ತಂತುಗಳ ಸಂಖ್ಯೆ ಅತ್ಯಧಿಕವಾಗಿತ್ತು.

ಸ್ನಾಯುವಿನ ಬೆಳವಣಿಗೆಗೆ ಕಡಿವಾಣವೂ ಉಂಟು. ಮಯೋಸ್ಟ್ಯಾಟಿನ್ ಎಂಬ ಆ ಪ್ರೋಟೀನನ್ನು 1997ರಲ್ಲಿ ಇಲಿಗಳಲ್ಲಿ ಗುರುತಿಸಲಾಯಿತು. ಅದರ ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿ ಮಾಂಸ ಹೆಚ್ಚಿಸಿದ ಕೆಂಪು ಸಮುದ್ರ ಬ್ರೀಮ್ ಜಪಾನಿನಲ್ಲಿ 2021ರಲ್ಲಿ ಮಾರಾಟಕ್ಕೆ ಬಂತು. ಬೆಳವಣಿಗೆಯ ಹಾರ್ಮೋನಿನ ವಂಶವಾಹಿ ಸೇರಿಸಿದ ಸಾಲ್ಮನ್‌ಗೆ ಅಮೆರಿಕ 2015ರಲ್ಲಿ ಅನುಮತಿ ನೀಡಿತ್ತಾದರೂ ಅದನ್ನು ಸಾಕುತ್ತಿದ್ದ ಅಕ್ವಾಬೌಂಟಿ ಕಂಪನಿ 2024ರ ಡಿಸೆಂಬರಿನಲ್ಲಿ ಮೀನು ಸಾಕಣೆ ನಿಲ್ಲಿಸುವುದಾಗಿ ಘೋಷಿಸಿತು.

ಭಾರತ ಹಿಡಿದದ್ದು ಹಳೆಯ ದಾರಿ, ಆಯ್ದ ತಳಿಗಳ ಸಂವರ್ಧನೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ನಾರ್ವೆಯ ಸಹಯೋಗದಲ್ಲಿ ರೂಪಿಸಿದ 'ಜಯಂತಿ' ರೋಹು 1997ರಲ್ಲಿ ಬಿಡುಗಡೆಯಾಯಿತು. ಮೊದಲಿಗೆ ಬೆಳವಣಿಗೆಯ ವೇಗಕ್ಕಾಗಿ ನಡೆದ ಆಯ್ಕೆಗೆ ಆಮೇಲೆ ರೋಗನಿರೋಧಕ ಶಕ್ತಿಯೂ ಸೇರಿತು.