ಹುಲ್ಲು ಕತ್ತರಿಸುವ ಯಂತ್ರಗಳ ಸೊಲೆನಾಯ್ಡ್ ಕವಾಟ: ಕಾಯಿಲ್ ಪರೀಕ್ಷಿಸುವ ವಿಧಾನ

ಕ್ರೀಡಾಂಗಣ, ಉದ್ಯಾನವನ ಹಾಗೂ ಗಾಲ್ಫ್ ಮೈದಾನಗಳಲ್ಲಿ ಬಳಸಲಾಗುವ ಹಲವು ದೊಡ್ಡ ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ ಅಲಗಿನ ಘಟಕಗಳನ್ನು ಏರಿಳಿಸುವ ಮತ್ತು ತಿರುಗಿಸುವ ಹೈಡ್ರಾಲಿಕ್ ತೈಲದ ಹರಿವನ್ನು ಸೊಲೆನಾಯ್ಡ್ ಕವಾಟಗಳು ನಿಯಂತ್ರಿಸುತ್ತವೆ. ಕವಾಟದ ಮೇಲೆ ಕೂರಿಸಿರುವ ತಾಮ್ರದ ತಂತಿಯ ಸುರುಳಿಯೇ ಕಾಯಿಲ್. ವಿದ್ಯುತ್ ಹರಿದಾಗ ಇದು ಕಾಂತತ್ವ ಪಡೆದು ಒಳಗಿನ ಕಬ್ಬಿಣದ ದಂಡವನ್ನು ಸೆಳೆಯುತ್ತದೆ. ಘಟಕವು ಏಳದಿದ್ದಲ್ಲಿ ಇಡೀ ಕವಾಟವನ್ನೇ ಬದಲಾಯಿಸುವುದು ಅನವಶ್ಯಕ ವೆಚ್ಚಕ್ಕೆ ಕಾರಣವಾಗುತ್ತದೆ. ಸಾಮಾನ್ಯವಾಗಿ ತೈಲದ ಮಾರ್ಗವನ್ನು ತೆರೆಯದೆಯೇ ಕಾಯಿಲನ್ನು ಮಾತ್ರ ಕಳಚಬಹುದಾಗಿರುತ್ತದೆ.

ಪರೀಕ್ಷೆಗೆ ಮುನ್ನ ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಘಟಕಗಳನ್ನು ನೆಲಕ್ಕಿಳಿಸಿ, ಬ್ರೇಕ್ ಹಾಕಿ, ಎಂಜಿನ್ ನಿಲ್ಲಿಸಿ ಕೀಲಿಯನ್ನು ತೆಗೆಯತಕ್ಕದ್ದು. ಎತ್ತಿದ ಘಟಕದ ಕೆಳಗೆ ಯಾವುದೇ ಕಾರಣಕ್ಕೂ ಕೈ ಹಾಕಬಾರದು. ಕವಾಟ ತೆರೆದ ಕ್ಷಣದಲ್ಲಿ ಘಟಕವು ಕೆಳಗೆ ಬೀಳುವ ಸಂಭವವಿರುತ್ತದೆ.

ಕನೆಕ್ಟರನ್ನು ಕಳಚಿದ ನಂತರವೇ ಕಾಯಿಲ್‌ನ ಎರಡು ತುದಿಗಳ ನಡುವಿನ ರೋಧವನ್ನು ಮಲ್ಟಿಮೀಟರಿನಿಂದ ಅಳೆಯಬೇಕು. ಇಲ್ಲವಾದಲ್ಲಿ ಇತರ ತಂತಿಗಳ ಮೂಲಕ ತಪ್ಪು ಅಳತೆ ಬರುತ್ತದೆ. ರೋಧ ಕಡಿಮೆ ಇರುವುದರಿಂದ ಮೀಟರಿನ ಎರಡು ತಂತಿಗಳನ್ನು ಪರಸ್ಪರ ತಾಗಿಸಿದಾಗ ಬರುವ ಅಳತೆಯನ್ನು ಕಳೆಯುವುದು ಸೂಕ್ತ. ಉದಾಹರಣೆಗೆ, 12 ವೋಲ್ಟ್, 18 ವ್ಯಾಟ್‌ನ ಕಾಯಿಲ್ 1.5 ಆಂಪಿಯರ್ ಎಳೆಯುವುದರಿಂದ ಅದರ ರೋಧವು 8 ಓಮ್ ಇರುತ್ತದೆ. ಆದರೆ ಪ್ರತಿ ಮಾದರಿಯ ನಿಗದಿತ ಅಳತೆಗೆ ತಯಾರಕರ ಕೈಪಿಡಿಯನ್ನೇ ಆಧರಿಸತಕ್ಕದ್ದು. ಮೀಟರ್ ಅನಂತ ತೋರಿಸಿದಲ್ಲಿ ತಂತಿ ತುಂಡಾಗಿದೆ ಎಂದೂ, ಸೊನ್ನೆಯ ಸಮೀಪ ತೋರಿಸಿದಲ್ಲಿ ಸುರುಳಿ ಶಾರ್ಟ್ ಆಗಿದೆ ಎಂದೂ ತಿಳಿಯಬೇಕು. ಮೇಲಿಂದ ಮೇಲೆ ಫ್ಯೂಸ್ ಹೋಗುವುದಕ್ಕೆ ಈ ಎರಡನೆಯ ದೋಷವೂ ಒಂದು ಕಾರಣ.

ಬೆಳಿಗ್ಗೆ ಸರಿಯಾಗಿ ನಡೆದು ಮಧ್ಯಾಹ್ನ ನಿಲ್ಲುವ ಯಂತ್ರಗಳ ವಿಷಯದಲ್ಲಿ ಕಾಯಿಲ್ ಬಿಸಿಯಿರುವಾಗಲೇ ಅಳೆಯುವುದು ಅಗತ್ಯ. ತಾಮ್ರದ ರೋಧವು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39ರಷ್ಟು ಶೇಕಡಾ ಏರುವುದರಿಂದ, 20 ಡಿಗ್ರಿಯಲ್ಲಿ 8 ಓಮ್ ಇದ್ದುದು 80 ಡಿಗ್ರಿಯಲ್ಲಿ ಸುಮಾರು 10 ಓಮ್ ಆಗುತ್ತದೆ. ಇದು ದೋಷವಲ್ಲ. ಬಿಸಿಯಾದಾಗ ಅಳತೆ ಅನಂತಕ್ಕೆ ಹೋದಲ್ಲಿ ಮಾತ್ರ ಕಾಯಿಲ್ ಬದಲಿಸಬೇಕು.

ರೋಧ ಸರಿಯಿದ್ದಲ್ಲಿ ಕನೆಕ್ಟರನ್ನು ಮರುಜೋಡಿಸಿ, ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ, ಕೈಪಿಡಿಯಲ್ಲಿ ತಿಳಿಸಿದಂತೆ ಆ ಕವಾಟಕ್ಕೆ ವಿದ್ಯುತ್ ನೀಡಿ ವೋಲ್ಟೇಜ್ ಅಳೆಯಬೇಕು. ತುಕ್ಕು ಹಿಡಿದ ತಂತಿಯು ಕಳಚಿದ ಸ್ಥಿತಿಯಲ್ಲಿ ಪೂರ್ಣ 12 ವೋಲ್ಟ್ ತೋರಿಸಿ, ಜೋಡಿಸಿದಾಗ ಕುಸಿಯುವುದುಂಟು. ಈ ಸಮಯದಲ್ಲಿ ಕಾಯಿಲ್‌ನ ತುದಿಯ ನಟ್ಟಿಗೆ ಸ್ಕ್ರೂಡ್ರೈವರ್ ಹಿಡಿದರೆ ಸೆಳೆತ ತಿಳಿಯುತ್ತದೆ. ಸೆಳೆತವಿದ್ದೂ ಘಟಕ ಚಲಿಸದಿದ್ದಲ್ಲಿ ಕಾಯಿಲ್ ಬದಲಿಸಿ ಪ್ರಯೋಜನವಿಲ್ಲ. ಕವಾಟದೊಳಗಿನ ಕಸ ಅಥವಾ ತೈಲದ ಒತ್ತಡವನ್ನು ಪರಿಶೀಲಿಸಬೇಕು.

ಹೊಸ ಕಾಯಿಲ್ ಅಳವಡಿಸುವಾಗ ನಟ್ಟನ್ನು ಅತಿಯಾಗಿ ಬಿಗಿಯಬಾರದು. ಒಳಗಿನ ಕೊಳವೆ ವಿರೂಪಗೊಂಡು ದಂಡವು ಸಿಕ್ಕಿಕೊಂಡಲ್ಲಿ, ಉಳಿಸಿದ ಕವಾಟವನ್ನೇ ಬದಲಿಸಬೇಕಾಗುತ್ತದೆ.